ಒಂದೇ ಸಲ, ಮೆಲ್ಲಗೆ

ಆ ಮನೆಯಲ್ಲಿ ಪರೀಕ್ಷೆ ಬಂತೆಂದರೆ ಎರಡು ಪಕ್ಷ. ಮಗಳದು ರಾತ್ರಿಯಿಡೀ ಓದುವ ಪಕ್ಷ, ಅಪ್ಪನದು ಮುಸುಕೆಳೆದು ಮಲಗುವ ಪಕ್ಷ. ಕಟ್ಟಡ ಕೆಲಸದ ಡಿಪ್ಲೊಮಾ ಓದುತ್ತಿದ್ದ ಮಗಳಿಗೆ ಅಪ್ಪ ಇಟ್ಟ ಹೆಸರು ಗೂಬೆ. "ಹೆತ್ತ ಮಗಳನ್ನ ಯಾರಾದ್ರೂ ಹಾಗೆ ಕರೀತಾರೇನ್ರೀ?" ಎಂದು ಅಮ್ಮ ಮೊದಮೊದಲು ಸಿಡುಕುತ್ತಿದ್ದಳು. ಆಮೇಲಾಮೇಲೆ ಅವಳ ಬಾಯಲ್ಲೂ ಅದೇ ಬರತೊಡಗಿತು.

ಅಪ್ಪ ಶಾಲೆಯ ವ್ಯಾನ್ ಓಡಿಸುತ್ತಿದ್ದ. "ನಿದ್ದೆಗೆಟ್ಟು ಓದಿದ್ದು ತಲೆಗೆ ಹತ್ತಲ್ಲ ಕಣೇ. ನಾನು ಒಂದು ಪರೀಕ್ಷೆಗೂ ನಿದ್ದೆ ಬಿಟ್ಟವನಲ್ಲ" ಎನ್ನುತ್ತಿದ್ದ.

"ಅದಕ್ಕೇ ಅಲ್ವಾ ಗಣಿತದಲ್ಲಿ ಎರಡೆರಡು ಸಲ ಡುಮ್ಕಿ ಹೊಡೆದಿದ್ದು?"

"ಹೊಡೆದೆ. ಆದ್ರೆ ಆರಾಮಾಗಿ ಹೊಡೆದೆ."

ಅಮ್ಮ ಮಾತ್ರ ಯಾವ ಪಕ್ಷಕ್ಕೂ ಸೇರಿದವಳಲ್ಲ. ಅವಳಿಗೆ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ಜನ ಏಳುವ ಹೊತ್ತಿಗೆ ಬ್ರೆಡ್ಡು ಅಂಗಡಿಯಲ್ಲಿರಬೇಕಾದರೆ ಅವರು ಮಲಗಿರುವಾಗಲೇ ಯಾರಾದರೂ ಎದ್ದು ಹಿಟ್ಟಿಗೆ ಕೈಯಿಡಬೇಕು. ನಿದ್ದೆ ಬೇಕೋ ಬೇಡವೋ ಎಂಬ ಪ್ರಶ್ನೆ ಅವಳ ಪಾಲಿಗೆ ಬಂದದ್ದೇ ಇಲ್ಲ. ಅದು ಎಷ್ಟು ಸಿಗುತ್ತದೋ ಅಷ್ಟು.

ಡಿಪ್ಲೊಮಾದ ಕೊನೆಯ ವರ್ಷದ ಪರೀಕ್ಷೆಯಲ್ಲಿ ಮಗಳು ಒಂದೊಂದು ಪೇಪರಿನ ಹಿಂದಿನ ರಾತ್ರಿಯೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಕೊನೆಯ ಪೇಪರು ಬರುವಷ್ಟರಲ್ಲಿ ಅವಳ ಮುಖ ಒಗೆದು ಹಿಂಡಿದ ಬಟ್ಟೆಯಂತಾಗಿತ್ತು. ಸಂಜೆ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿಕೊಂಡು, ಗೊತ್ತೇ ಆಗದೆ ಅರ್ಧ ಲೋಟ ಕುಡಿದಳು. ಅಪ್ಪ ನಕ್ಕ. ಅಮ್ಮನಿಗೆ ನಗು ಬರಲಿಲ್ಲ.

ಊಟವಾದ ಮೇಲೆ ಮಗಳು ತಾನಾಗಿಯೇ ಬಂದು ಫೋನನ್ನು ಅಮ್ಮನ ಕೈಗೆ ಕೊಟ್ಟಳು. "ಇದಿದ್ರೆ ನಾನು ಮಲಗಲ್ಲ. ಸ್ವಲ್ಪ ಹೊತ್ತು ಅಡ್ಡಾಗ್ತೀನಿ. ನೀನು ಕೆಲಸಕ್ಕೆ ಹೋಗೋಕೆ ಏಳ್ತೀಯಲ್ಲ, ಆಗ ನನ್ನನ್ನೂ ಎಬ್ಬಿಸು. ಕಂಬಗಳ ಪಾಠ ಒಂದು ಹಾಗೇ ಉಳಿದಿದೆ. ಬೆಳಗಾಗೋದ್ರೊಳಗೆ ಮುಗಿಸಿಬಿಡ್ತೀನಿ."

"ಆಯ್ತು."

"ಮರೀಬಾರದು."

"ಎಬ್ಬಿಸ್ತೀನಿ ಅಂದ್ನಲ್ಲ. ಹೋಗಿ ಬಿದ್ಕೋ."

ಕೆಲಸಕ್ಕೆ ಹೊರಡುವಾಗ ಅಮ್ಮ ಮಗಳ ಕೋಣೆಗೆ ಹೋದಳು. ಮಗಳು ಬಾಯಿ ತೆರೆದುಕೊಂಡು, ಒಂದು ಕೈ ಮಂಚದಿಂದ ಇಳಿಬಿಟ್ಟು ಮಲಗಿದ್ದಳು. ಬೆರಳಿಗೆ ಅಂಟಿದ್ದ ಶಾಯಿ ಕೆನ್ನೆಗೂ ಮೆತ್ತಿತ್ತು. ಚಿಕ್ಕವಳಿದ್ದಾಗ ಜ್ವರ ಬಿಟ್ಟ ಮೇಲೆ ಹೀಗೇ ಮಲಗುತ್ತಿದ್ದಳು. ಅಮ್ಮ ಹತ್ತಿರ ಬಗ್ಗಿ, "ಮಗಾ" ಎಂದಳು. ಒಂದೇ ಸಲ, ಮೆಲ್ಲಗೆ. ಕರೆದೆ ಎಂದು ಹೇಳಿಕೊಳ್ಳಲು ಸಾಕಾಗುವಷ್ಟು ದನಿಯಿತ್ತು, ಎಚ್ಚರವಾಗುವಷ್ಟು ಇರಲಿಲ್ಲ. ಅದು ಅವಳಿಗೆ ಆಗಲೇ ಗೊತ್ತಿತ್ತು. ಜೋತುಬಿದ್ದ ಕೈಯನ್ನು ಎತ್ತಿ ಹೊದಿಕೆಯೊಳಗೆ ಸೇರಿಸಿ, ಬಾಗಿಲು ಮುಂದೆ ಮಾಡಿಕೊಂಡು ಹೊರಟಳು.

ಬೇಕರಿಯಲ್ಲಿ ಮೇಜಿನ ತುಂಬ ಹಿಟ್ಟು ಹರವಿಕೊಂಡು ನಾದುತ್ತಲೇ ಜೊತೆಯ ಕೆಲಸದವಳಿಗೆ ಇದನ್ನು ಹೇಳಿದಳು. ಅವಳು ಒಲೆ ನೋಡಿಕೊಳ್ಳುವ ಹೆಂಗಸು, ಎಲ್ಲರಿಗೂ ಒಲೆಯಕ್ಕ.

"ಒಳ್ಳೇದೇ ಮಾಡಿದೆ ಬಿಡು. ಮಲಗಿದ ಮಗೂನ ಎಬ್ಬಿಸೋಕೆ ಮನಸ್ಸು ಬರುತ್ತಾ?" ಎಂದಳು ಒಲೆಯಕ್ಕ.

ಆ ಮಾತು ಕೇಳಬೇಕೆಂದೇ ಅಮ್ಮ ಬಾಯಿ ಬಿಟ್ಟಿದ್ದು. ಕೇಳಿಯೂ ಸಮಾಧಾನವಾಗಲಿಲ್ಲ. ಮಗಳು ಈಗ ಮಗುವಲ್ಲವಲ್ಲ, ಅನ್ನಿಸಿತು.

ಸಂಜೆ ಮಗಳು ಬಂದವಳೇ ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕುಸಿದಳು. ಕಂಬದ ಲೆಕ್ಕವೇ ಬಂದಿತ್ತಂತೆ, ಪೇಪರಿನ ಅತಿ ದೊಡ್ಡ ಪ್ರಶ್ನೆ. ಎಷ್ಟು ಭಾರಕ್ಕೆ ಎಷ್ಟು ದಪ್ಪದ ಕಂಬ ಎಂಬುದನ್ನು ಲೆಕ್ಕ ಹಾಕಬೇಕು. ಅವಳು ಪೂರ್ತಿ ಬಿಟ್ಟು ಬಂದಿದ್ದಳು. "ಉಳಿದಿದ್ದೆಲ್ಲ ನೀರು ಕುಡಿದಷ್ಟು ಸುಲಭವಾಗಿ ಬರೆದೆ. ತಲೆ ಅಷ್ಟು ಹಗುರ ಇತ್ತು. ಆದ್ರೆ ಅದೊಂದು..." ಎಂದವಳು ಅಮ್ಮನತ್ತ ತಿರುಗಿ, "ಯಾಕಮ್ಮ ಎಬ್ಬಿಸಲಿಲ್ಲ?" ಎಂದು ಕೇಳಿದಳು.

"ಕರೆದೆ ಕಣೇ. ನೀನು ಏಳಲಿಲ್ಲ."

ಮಗಳು ಕೂಗಾಡುತ್ತಾಳೆ ಎಂದುಕೊಂಡಿದ್ದಳು ಅಮ್ಮ. ಅವಳು ಕೂಗಾಡಲಿಲ್ಲ. ತಲೆ ತಗ್ಗಿಸಿ, "ಛೇ, ಹೆಣದ ಥರ ಬಿದ್ದಿದ್ದೆ. ನಂದೇ ತಪ್ಪು" ಎಂದು ಎದ್ದು ಒಳಗೆ ಹೋದಳು.

ಮಗಳು ನಂಬಿಬಿಟ್ಟಿದ್ದಳು. ಅಮ್ಮನಿಗೆ ಅದಕ್ಕಿಂತ ಬೈಸಿಕೊಂಡಿದ್ದರೇ ವಾಸಿಯಿತ್ತು.

ಫಲಿತಾಂಶ ಬಂತು. ಪಾಸಾಗಿದ್ದಳು. ಆದರೆ ನೇರವಾಗಿ ಡಿಗ್ರಿಗೆ ಸೇರಿಸಿಕೊಳ್ಳುವಷ್ಟು ಅಂಕ ಬಂದಿರಲಿಲ್ಲ, ಕೂದಲೆಳೆಯಲ್ಲಿ ತಪ್ಪಿತ್ತು. ಇನ್ನು ಪ್ರವೇಶ ಪರೀಕ್ಷೆ ಬರೆದೇ ಹೋಗಬೇಕು. ಅಂದಿನಿಂದ ಮಗಳು ನಿದ್ದೆಯನ್ನು ಮನೆಗೆ ನುಗ್ಗಿದ ಕಳ್ಳನಂತೆ ನೋಡತೊಡಗಿದಳು. ಹಾಸಿಗೆ ಸುತ್ತಿ ಮೂಲೆಗಿಟ್ಟಳು. ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂತು ಓದಿದಳು. ಮೊದಲು ಪರೀಕ್ಷೆಯ ಹಿಂದಿನ ದಿನ ಮಾತ್ರ ಇದ್ದ ಹುಚ್ಚು ಈಗ ದಿನಾ ಆಯಿತು. ಅಪ್ಪ ತಮಾಷೆ ಮಾಡುವುದನ್ನೂ ಬಿಟ್ಟ.

ಒಂದು ದಿನ ಮಕ್ಕಳನ್ನೆಲ್ಲ ಶಾಲೆಗೆ ಬಿಟ್ಟು, ಮಗಳನ್ನು ಗ್ರಂಥಾಲಯಕ್ಕೆ ಕರೆದೊಯ್ಯಲು ಅಪ್ಪ ವ್ಯಾನ್ ಹತ್ತಿಸಿಕೊಂಡ. ಕಿಟಕಿಗೆ ತಲೆಯಾನಿಸಿದ ಮಗಳು ಅಲ್ಲೇ ನಿದ್ದೆಹೋದಳು. ಎಬ್ಬಿಸಲು ಮನಸ್ಸಾಗದೆ ಅವನು ಗ್ರಂಥಾಲಯದ ಮುಂದೆ ಮರದ ನೆರಳಲ್ಲಿ ವ್ಯಾನ್ ನಿಲ್ಲಿಸಿಕೊಂಡು ಕಾದ. ಎಚ್ಚರವಾದಾಗ ಮಗಳು ಸುತ್ತ ನೋಡಿ, ಹೊತ್ತೇರಿದ್ದು ಕಂಡು, ತನ್ನ ಕೆನ್ನೆಗೆ ತಾನೇ ಪಟಪಟನೆ ಬಾರಿಸಿಕೊಂಡಳು. ಅಪ್ಪ ಅವಳನ್ನು ವಾಪಸ್ ಮನೆಗೇ ಕರೆತಂದ.

ಮಧ್ಯಾಹ್ನ ಅಮ್ಮ ಕೆಲಸದಿಂದ ಬರುತ್ತಲೇ ಅವನು ಅಡುಗೆಮನೆಗೆ ಬಂದು ನಿಂತ. "ನಂಗೆ ಭಯ ಆಗ್ತಿದೆ ಕಣೇ. ಇವತ್ತು ವ್ಯಾನಲ್ಲಿ ನಿದ್ದೆಹೋಗಿ ಎದ್ದವಳು, ಅಮ್ಮ ಕರೆದ್ರೂ ಏಳಲಿಲ್ಲ ಅಂದ್ರೆ ನಾನೆಂಥವಳು, ನಿದ್ದೆಗೇ ಹುಟ್ಟಿದವಳು ಅಂತ ಬಿಕ್ಕಿಬಿಕ್ಕಿ ಅತ್ತಳು."

ಅಮ್ಮ ಕೈ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯಲ್ಲೇ ಮಗಳ ಕೋಣೆಗೆ ಹೋದಳು. ಅಪ್ಪ ಹಿಂದೆಯೇ ಬಂದ.

"ಆವತ್ತು ನಾನು ನಿನ್ನ ಎಬ್ಬಿಸಲಿಲ್ಲ" ಎಂದಳು.

ಮಗಳು ಪುಸ್ತಕದಿಂದ ಕಣ್ಣೆತ್ತಿದಳು. "ಕರೆದೆ ಅಂದ್ಯಲ್ಲ?"

"ಕರೆದೆ. ನಿಂಗೆ ಕೇಳಿಸದ ಹಾಗೆ ಕರೆದೆ. ನೀನು ಮಲಗಲಿ ಅಂತ ನಾನೇ ತೀರ್ಮಾನ ಮಾಡಿದ್ದೆ. ಆಮೇಲೆ ಸುಳ್ಳು ಹೇಳಿದೆ. ನಿನ್ನ ನಿದ್ದೇದು ಏನೂ ತಪ್ಪಿಲ್ಲ."

ಮಗಳು ಪುಸ್ತಕ ಮುಚ್ಚಿದಳು. "ಅಂದ್ರೆ ಇಷ್ಟು ದಿನ ನಾನು ನನ್ನನ್ನೇ ಬೈಕೊಂಡಿದ್ದು?"

ಅಮ್ಮ ಹೌದೆಂದು ತಲೆಯಾಡಿಸಿದಳು.

"ನಂಗೆ ನಿದ್ದೆ ಬೇಕೋ ಓದು ಬೇಕೋ ಅಂತ ತೀರ್ಮಾನ ಮಾಡೋಕೆ ನೀನ್ಯಾರಮ್ಮ?"

"ಏಯ್!" ಎಂದು ಅಪ್ಪ ಗದರಿದ.

"ನೀವು ಸುಮ್ನಿರಿ" ಎಂದಳು ಅಮ್ಮ. "ಅವಳು ಕೇಳಿದ್ದು ಸರಿಯಾಗಿದೆ. ಪರೀಕ್ಷೆ ನಿಂದು, ನಿದ್ದೇನೂ ನಿಂದು. ನಾನು ಮಾತು ಕೊಟ್ಟಿದ್ದೆ. ಮಲಗು ಅಂತ ಹೇಳೋದಿದ್ರೆ ಮುಖ ನೋಡಿ ಹೇಳಬೇಕಿತ್ತು."

ಮಗಳು ಇಬ್ಬರನ್ನೂ ಆಚೆ ಕಳಿಸಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಸ್ಟೂಲು ಉರುಳಿದ ಸದ್ದು ಕೇಳಿಸಿತು. ಒದ್ದಳೋ ಏನೋ. ಸಂಜೆ ಅಪ್ಪ ಇಣುಕಿ ನೋಡಿದಾಗ ಸುತ್ತಿಟ್ಟ ಹಾಸಿಗೆಗೇ ಒರಗಿ ಗೊರಕೆ ಹೊಡೆಯುತ್ತಿದ್ದಳು.

ಆಮೇಲೆ ಎಷ್ಟೋ ದಿನ ಅವಳು ಅಮ್ಮನ ಜೊತೆ ಬೇಕಾದಷ್ಟೇ ಮಾತಾಡಿದಳು. ಉಪ್ಪು ಕೊಡು, ಬೀಗ ಎಲ್ಲಿ, ಇಂಥವು. ಅಮ್ಮ ಸಹಿಸಿಕೊಂಡಳು. ಆದರೆ ಸುತ್ತಿಟ್ಟ ಹಾಸಿಗೆ ಬಿಚ್ಚಿಕೊಂಡಿತು, ತಟ್ಟೆಯಲ್ಲಿ ಬಡಿಸಿದ್ದು ಖಾಲಿಯಾಗತೊಡಗಿತು. ಯಾವತ್ತು ಮಲಗುತ್ತಾಳೆ, ಯಾವತ್ತು ಕೂರುತ್ತಾಳೆ ಎಂದು ಅವಳು ಹೇಳಲಿಲ್ಲ, ಇವರು ಕೇಳಲಿಲ್ಲ.

ಪ್ರವೇಶ ಪರೀಕ್ಷೆಯ ಹಿಂದಿನ ಸಂಜೆ ಅಪ್ಪನಿಗೆ ತಡೆಯಲಾಗಲಿಲ್ಲ. "ಗೂಬೆ, ಇವತ್ತೇನು ಕಾರ್ಯಕ್ರಮ?"

"ಇನ್ನೂ ಯೋಚಿಸಿಲ್ಲಪ್ಪ" ಎಂದಳು ಮಗಳು.

ಅಮ್ಮನ ನಾಲಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ನಸುಕಿನಲ್ಲಿ ಕೆಲಸಕ್ಕೆ ಹೊರಟಾಗ ಚಪ್ಪಲಿ ಕೈಯಲ್ಲಿ ಹಿಡಿದು, ಮಗಳ ಬಾಗಿಲ ಸಂದಿಯಲ್ಲಿ ಬೆಳಕಿದೆಯೋ ಇಲ್ಲವೋ ಕಣ್ಣಿಗೆ ಬೀಳದಂತೆ, ಎದುರಿನ ಗೋಡೆ ನೋಡಿಕೊಂಡು ದಾಟಿದಳು. ಹೊರಗೆ ಬಂದ ಮೇಲೆ ಉಸಿರು ಬಿಟ್ಟಳು.

ಪರೀಕ್ಷೆಯ ಕೇಂದ್ರ ಬೇಕರಿಯ ಹಿಂದಿನ ಬೀದಿಯಲ್ಲೇ ಇತ್ತು. ಬಿಸಿಲು ಏರುವ ಹೊತ್ತಿಗೆ ಒಲೆಯಕ್ಕ ಕೂಗಿದಳು, "ನಿನ್ನ ಮಗಳು ಬಂದಿದಾಳೆ ನೋಡೇ!"

ಅಮ್ಮ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. ಮಗಳು ಬಾಗಿಲ ಪಕ್ಕ ನಿಂತು ಒಲೆಯಕ್ಕ ಕೊಟ್ಟ ಬಿಸಿ ಬನ್ನನ್ನು ಊದಿಕೊಂಡು ತಿನ್ನುತ್ತಿದ್ದಳು. ಕಣ್ಣು ಸ್ವಲ್ಪ ಕೆಂಪಗಿತ್ತು. ನಿದ್ದೆಗೆಟ್ಟದ್ದಕ್ಕೋ, ಆಗತಾನೇ ಎದ್ದದ್ದಕ್ಕೋ, ಒಲೆಯ ಹೊಗೆಗೋ ಹೇಳಲಾಗುತ್ತಿರಲಿಲ್ಲ.

"ಕೇಳ್ಬೇಕು ಅನ್ನಿಸ್ತಿದೆ ಅಲ್ವಾ?" ಎಂದಳು ಮಗಳು.

"ಹೂಂ."

"ಕೇಳ್ಬೇಡ."

"ಕೇಳಲ್ಲ" ಎಂದಳು ಅಮ್ಮ. ಅವಳ ಮುಖ ನೋಡಿ ಮಗಳಿಗೆ ನಗು ಬಂತು. ಬಾಯ್ತುಂಬ ಬನ್ನಿಟ್ಟುಕೊಂಡೇ ನಕ್ಕಳು. ಬೆರಳು ಒರೆಸಿಕೊಂಡು, "ಬರ್ತೀನಮ್ಮ" ಎಂದು ಬೀದಿ ದಾಟಿದಳು.

ಸೀಟು ಸಿಕ್ಕಿತು. ಮೊದಲು ಬಯಸಿದ್ದ ಕಾಲೇಜಲ್ಲ, ಎರಡನೆಯದು. ಅಪ್ಪ ಅದು ನಿದ್ದೆಯ ಗೆಲುವು ಎಂದು ಬೀಗಿದ. ಮಗಳು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅಮ್ಮ ಇವತ್ತಿನವರೆಗೂ ಕೇಳಿಲ್ಲ.