ಹುಟ್ಟದ ಸಾಲಿನಲ್ಲಿ ಪಾಠ

ಪಾಠ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಲೆಕ್ಕ ತಪ್ಪಿದವರು ಮೇಷ್ಟ್ರು, ಹಿಂಡಿಸಿಕೊಂಡ ಕಿವಿ ನನ್ನದು. ಅಲ್ಲಿಗೆ ಶಾಲೆಗೆ ಶರಣು ಹೊಡೆದೆ. ಆದರೂ ಊರಿನ ರೈತರಿಗೆ ವಾರಕ್ಕೊಮ್ಮೆ ನಡೆಯುವ ಮೆಕ್ಕೆಜೋಳದ ತರಬೇತಿಗೆ ನಮ್ಮ ಹೊಲ ಬಿಡೋಣ ಎಂದು ಅಪ್ಪನ ಬೆನ್ನು ಬಿದ್ದವನು ನಾನೇ. ಬೇರೆ ದಾರಿ ಇರಲಿಲ್ಲ. ವರ್ಷ ವರ್ಷವೂ ಬೀಜ ಎರಚಿ, ಬೆರಳುದ್ದದ ತೆನೆ ಮುರಿದು ಅಪ್ಪ ಸೋತಿದ್ದರು. ಹೊಲವನ್ನು ಸೋದರಮಾವನಿಗೆ ಗುತ್ತಿಗೆ ಕೊಡುವ ಮಾತು ನಡೆದಿತ್ತು.

"ಇದೊಂದು ಬೆಳೆ ನೋಡ್ತೀನಿ. ಕೆಟ್ರೆ ಹೊಲ ಮಾವಂದು, ನೀನು ಅವನ ಹತ್ರ ಕೂಲಿ," ಎಂದಿದ್ದರು ಅಪ್ಪ.

ತರಬೇತಿ ಕೊಡಲು ಬಂದವಳು ಗಂಟು ಹಾಕಿದ ಹಗ್ಗವನ್ನು ಹೆಗಲಿಗೇರಿಸಿಕೊಂಡೇ ಓಡಾಡುವ ಹೆಂಗಸು. ಗಂಟಿಗೊಂದು ಬೀಜ, ನೇರ ಸಾಲು. ಊರವರು ಹಗ್ಗದಕ್ಕ ಎಂದು ಹೆಸರಿಟ್ಟರು. ಅವಳು ಹೇಳಿದ ಆಳಕ್ಕೇ ಬಿತ್ತಿದೆವು. ಒಂದು ಜೋರು ಮಳೆ, ಹಿಂದೆಯೇ ಬಿಸಿಲು. ಹೊಲ ಹಲ್ಲುದುರಿದ ಬಾಯಿಯಂತಾಯಿತು: ಅಲ್ಲೊಂದು ಸಸಿ, ಇಲ್ಲೊಂದು ಸಸಿ.

ಆ ವಾರದ ಪಾಠ ಬೇರೆಯವರ ಹೊಲದಲ್ಲಿ ನಿಗದಿಯಾಗಿತ್ತು. ಹಗ್ಗದಕ್ಕ ರೈತರನ್ನೆಲ್ಲ ನಮ್ಮ ಹೊಲಕ್ಕೇ ಕರೆತಂದಳು. ಮಾವ ಬದುವಿನ ಮೇಲೆ ನಿಂತು ಹಲ್ಲು ಕಿರಿದ.

"ಏನು ಹಗ್ಗದಕ್ಕ, ನಿಮ್ಮ ಪಾಠ ಕೇಳಿ ಬೀಜಕ್ಕೂ ನಿದ್ದೆ ಬಂತಾ?"

ಎಲ್ಲರೂ ನಕ್ಕರು. ಈಗ ತಪ್ಪನ್ನು ಬೀಜದ ತಲೆಗೆ ಕಟ್ಟುತ್ತಾಳೆ, ಇಲ್ಲವೇ ನನ್ನ ತಲೆಗೆ ಎಂದುಕೊಂಡೆ. ಅವಳು ಮಂಡಿಯೂರಿ, ಹೆಂಚಿನಂತೆ ಗಟ್ಟಿಯಾಗಿದ್ದ ಮಣ್ಣನ್ನು ಬೆರಳಿನಿಂದಲೇ ಎಬ್ಬಿಸಿದಳು. ಕೆಳಗೆ ಬಿಳಿ ಮೊಳಕೆ, ಮೇಲೆ ಬರಲಾಗದೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಅಂಗೈಯಲ್ಲಿಟ್ಟು ಒಬ್ಬೊಬ್ಬರಿಗೂ ತೋರಿಸಿದಳು, ಮಾವನಿಗೂ.

"ಬೀಜ ಚೆನ್ನಾಗಿದೆ. ಈ ಹುಡುಗ ನಾನು ಹೇಳಿದ ಹಾಗೇ ಬಿತ್ತಿದ್ದಾನೆ. ಮರಳು ಮಣ್ಣಿಗೆ ಹೇಳೋ ಆಳಾನ ನಿಮ್ಮ ಜಿಗುಟು ಮಣ್ಣಿಗೆ ಹೇಳ್ಬಿಟ್ಟೆ. ಮಣ್ಣು ಮುಟ್ಟಿ ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದು."

ಯಾರೂ ನಗಲಿಲ್ಲ. ಪಾಠ ಹೇಳುವ ಬಾಯಿಂದ ಇಂಥ ಮಾತು ನಾನು ಹುಟ್ಟಿದ ಮೇಲೆ ಕೇಳಿದ್ದಿಲ್ಲ. ಎಂಥ ಗುಂಡಿಗೆ ಆ ಹೆಂಗಸಿಗೆ!

"ಈಗೇನು ಮಾಡೋದು?" ಅಪ್ಪ ಕೇಳಿದರು.

"ಇನ್ನೂ ಕಾಲ ಮೀರಿಲ್ಲ, ಯಜಮಾನ್ರೇ. ಹೆಪ್ಪುಗಟ್ಟಿದ ಮಣ್ಣು ಒಡೆದು, ಖಾಲಿ ಜಾಗಕ್ಕೆಲ್ಲ ಆಳ ಹೋಗದೆ ಮೇಲೆ ಮೇಲೆ ಬಿತ್ತೋಣ. ಬೀಜ ತಂದಿದ್ದೀನಿ."

ಮೊದಲ ಸಾಲು ಅವಳೇ ಹಿಡಿದಳು. ಬಗ್ಗಿದ ಬೆನ್ನು ಎತ್ತಲಿಲ್ಲ. ನಾನು ಎರಡನೆಯದಕ್ಕೆ ಇಳಿದೆ. ಅಪ್ಪ ಅಂಗಿಯ ತೋಳು ಮಡಚಿ ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಎಷ್ಟು ಆಳ ತಾಯಿ, ಇನ್ನೊಂದ್ಸಲ ತೋರ್ಸು."

"ಬಾವ, ಮತ್ತೆ ನಮ್ಮ ಗುತ್ತಿಗೆ?" ಎಂದ ಮಾವ.

"ಗುತ್ತಿಗೇನೂ ಇಲ್ಲ, ಗಿತ್ತಿಗೇನೂ ಇಲ್ಲ. ಸುಮ್ನೆ ನಿಂತಿದ್ದೀಯಲ್ಲ, ಇಳಿದು ಬಂದು ಒಂದು ಸಾಲು ಹಿಡಿ."