ಮಾಲವ್ವನ ಹೆಸರಿನ ಗುಳಿಗೆ

"ಮಾಲವ್ವನ ಹೆಸರಿನ್ಯಾಗ ಹೋದ ವಾರನ ನೆಗಡಿ ಗುಳಿಗಿ ಒಂದು ಸ್ಟ್ರಿಪ್ ಹೋಗೇತ್ರಿ. ಇನ್ನ ಮುಂದಿನ ತಿಂಗಳ," ಎಂದಳು ಮೆಡಿಕಲ್ ಅಂಗಡಿಯ ಶಿವಗಂಗಾ, ಕಂಪ್ಯೂಟರಿನಿಂದ ಕಣ್ಣೆತ್ತದೆ.

ದುಂಡೇಶ ಅವ್ವನನ್ನು ಕೈಹಿಡಿದು ಕರೆತಂದಿದ್ದ. ಅವಳ ಎರಡೂ ಕಣ್ಣಿಗೆ ಪೊರೆ. ಗುರುವಾರ ಹಳಿಯಾಳದ ಕಣ್ಣಿನ ಶಿಬಿರದಲ್ಲಿ ಆಪರೇಶನ್. ಸೀನು, ಕೆಮ್ಮು ಇದ್ದರೆ ಮಾಡುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇವತ್ತು ಸೋಮವಾರ, ಮಾಲವ್ವನ ಮೂಗು ನಳದಂತೆ ಸುರಿಯುತ್ತಿತ್ತು.

"ಆಕಿ ಇಲ್ಲೇ ನಿಂತಾಳಲ್ರಿ. ಬೇಕಾದ್ರ ಮೂಗು ನೋಡ್ರಿ."

"ಮೂಗು ನೋಡಿ ಕೊಡಾಕ ಬರೂದಿಲ್ರಿ ಅಣ್ಣಾರ. ಈ ಗುಳಿಗಿಯಿಂದ ನಶೆ ಪುಡಿ ಮಾಡ್ತಾರಂತ. ಅದಕ್ಕ ಒಂದು ಆಧಾರ್ ಕಾರ್ಡಿಗೆ ತಿಂಗಳಿಗೆ ಒಂದ ಸ್ಟ್ರಿಪ್."

"ನಶೆ ಪುಡಿ? ನಮ್ಮವ್ವಗ ಚಾ ಮಾಡಾಕ ಒಲಿ ಕಾಣೂದಿಲ್ಲ!"

ಶಿವಗಂಗಾ ನಕ್ಕಳು, ಗುಳಿಗೆ ಕೊಡಲಿಲ್ಲ.

ಹೋದ ವಾರದ ಆ ಸ್ಟ್ರಿಪ್ ತಂದವನು ದುಂಡೇಶನೇ. ಕಾಗದದ ಮಿಲ್ಲಿನ ಮುಂಜಾನೆ ಪಾಳಿ ಮುಗಿಸಿ ಪೇಟೆ ಹಾದು ಬರುವವನು ಮಿಲ್ ಕೆಲಸಗಾರರ ಸಾಲುಮನೆಗಳ ಇಡೀ ಚಾಳಿನ ಸಾಮಾನು ತರಬೇಕು, ಅದು ರೂಢಿ. ಹೊಸ ನಿಯಮ ಬಂದಾಗ ಚಾಳಿನವರು ಎಲ್ಲರ ಆಧಾರ್ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. ಯಾರ ಹೆಸರು ಖಾಲಿ ಇದೆಯೋ ಆ ಹೆಸರಿನಲ್ಲಿ ತರುವುದು, ಯಾರಿಗೆ ನೆಗಡಿಯೋ ಅವರಿಗೆ ಕೊಡುವುದು. ಅಂಗಡಿಯ ಫಾರ್ಮಿನಲ್ಲಿ 'ಬಿ.ಪಿ. ಇದೆಯೇ?' ಎಂಬ ಪ್ರಶ್ನೆಗೆ ದುಂಡೇಶ ಎಲ್ಲರ ಹೆಸರಿಗೂ 'ಇಲ್ಲ' ಎಂದು ಗೀಚುತ್ತಿದ್ದ. ಹೋದ ವಾರ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುವ ಮುಬಾರಕನಿಗೆ ನೆಗಡಿ. ಮಾಲವ್ವನ ಹೆಸರು ಖಾಲಿ ಇತ್ತು.

"ಎಷ್ಟು ಉಳದಾವೋ?" ದುಂಡೇಶ ಮುಬಾರಕನ ಬಾಗಿಲಲ್ಲೇ ನಿಂತು ಕೇಳಿದ.

"ಎರಡ. ಉಳಿದಿದ್ದು ಬಾಜೂ ಮನಿ ಕರಿಬಸಪ್ಪಗ ಕೊಟ್ಟೆ."

"ನಮ್ಮವ್ವನ ಹೆಸರಿನ ಗುಳಿಗಿ ಹಂಚಾಕ ನೀ ಯಾರಪಾ?"

"ಆಕೀನ ಕೇಳಿ ತಂದಿದ್ದೇನು ನೀ?"

ಹಾಗೆಂದರೂ ಮುಬಾರಕನೇ ಮನೆಮನೆ ತಿರುಗಿ, ಯಾರ್ಯಾರದೋ ಹೆಸರಿನ ಸ್ಟ್ರಿಪ್ಪುಗಳಿಂದ ಕತ್ತರಿಸಿದ ಚೂರುಗಳನ್ನು ಪೇಪರಿನಲ್ಲಿ ಸುತ್ತಿ ತಂದ. ಒಟ್ಟು ಒಂಬತ್ತು ಗುಳಿಗೆ.

"ಈಗ ಪೊಲೀಸ್ರು ಹಿಡದ್ರ ಖರೇನ ನಾವ ಮಾಫಿಯಾ ನೋಡು," ಎಂದು ನಕ್ಕ. ದುಂಡೇಶನಿಗೆ ನಗು ಬರಲಿಲ್ಲ.

ದಿನಕ್ಕೆ ಮೂರರಂತೆ ಮಾಲವ್ವ ನುಂಗಿದಳು. ಬುಧವಾರ ರಾತ್ರಿ ಹೊತ್ತಿಗೆ ಮೂಗು ಒಣಗಿತ್ತು.

ಗುರುವಾರ ಶಿಬಿರದಲ್ಲಿ ನರ್ಸ್ ಎರಡು ಸಲ ಬಿ.ಪಿ. ನೋಡಿ ಡಾಕ್ಟರನ್ನು ಕರೆದಳು. ನೂರಾ ತೊಂಬತ್ತು. ಏನು ಗುಳಿಗೆ ತಿಂದಿದ್ದಾಳೆ ಎಂದು ಕೇಳಿದಾಗ ದುಂಡೇಶ ಖಾಲಿ ಚೂರು ತೋರಿಸಿದ.

"ಬಿ.ಪಿ. ಇದ್ದವ್ರಿಗೆ ಇದನ್ನ ಕೊಡ್ತಾರೇನ್ರಿ? ಇದು ಬಿ.ಪಿ. ಏರಸ್ತೈತಿ. ಅಂಗಡ್ಯಾಗ ಕೇಳಲಿಲ್ಲೇನು?" ಎಂದರು ಡಾಕ್ಟರು.

"ಕೇಳಿದ್ರು," ಎಂದ ದುಂಡೇಶ.

ಮಾಲವ್ವ ನಾಲ್ಕು ವರ್ಷದಿಂದ ಬಿ.ಪಿ. ಗುಳಿಗೆ ತಿನ್ನುತ್ತಿದ್ದಳು. ಅದನ್ನು ತಿಂಗಳು ತಿಂಗಳು ತಂದುಕೊಡುವವನೂ ಅವನೇ.

ಆಪರೇಶನ್ ಆಗಲಿಲ್ಲ. ಮುಂದಿನ ಶಿಬಿರ ಎರಡು ತಿಂಗಳ ಮೇಲೆ. ಊರಿಗೆ ಮರಳುವ ದಾಂಡೇಲಿಯ ಬಸ್ಸಿನಲ್ಲಿ ಮಾಲವ್ವ ಮೂಗು ಮುಟ್ಟಿ ನೋಡಿಕೊಂಡಳು.

"ಮೂಗಂತೂ ಆರೇತಿ," ಎಂದಳು. "ಇನ್ನ ಒಲಿ ಮುಂದ ಎರಡು ತಿಂಗಳ ನೀನ ಕುಂದ್ರು."

ಚಾಳಿಗೆ ಬಂದವನೇ ದುಂಡೇಶ ಚೀಲದಿಂದ ಅವ್ವನ ಜೆರಾಕ್ಸ್ ಹುಡುಕಿ ತೆಗೆದು ಅಂಗಿ ಕಿಸೆಗೆ ಹಾಕಿದ. ಮುಬಾರಕ ಬಂದ.

"ನಾಳೆ ನಂದು ಮುಂಜಾನೆ ಪಾಳಿ. ನಮ್ಮನಿಯಾಕಿಗೆ ನೆಗಡಿ ಹತ್ತೇತಿ. ಯಾರ ಹೆಸರು ಖಾಲಿ ಐತೋ?"

"ಆಕಿನ್ನ ಕರಕೊಂಡ ಹೋಗು," ಎಂದ ದುಂಡೇಶ. "ಅಂಗಡ್ಯಾಗ ಕೇಳಿದ್ದಕ್ಕ ಆಕೀನ ಹೇಳ್ಲಿ."