ಸೊಸೆಗೊಂದು ಎತ್ತರದ ಟೇಬಲ್ಲು

ನನ್ನ ಸೊಸೆ ವಿದ್ಯಾವತಿ ನೆಲೋಗಿಯ ತೊಗರಿ ಬೆಳೆಗಾರರ ಸಂಘಕ್ಕೆ ಮ್ಯಾನೇಜರ್. ಊರಿನ ಗಂಡಸರು ಸಾಲುಗಟ್ಟಿ ಅರ್ಜಿ ಹಾಕಿದ್ದರೂ ಕೆಲಸ ಸಿಕ್ಕಿದ್ದು ಇವಳಿಗೆ. ಆ ದಿನ ನಾನು ಓಣಿಗೆಲ್ಲ ಸಕ್ಕರೆ ಹಂಚಿದ್ದೆ. ಅಂಥವಳು ಒಂದು ಸಂಜೆ ಮೀನಖಂಡಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ, "ಅತ್ತಿ, ಈ ತಿಂಗಳಾದ ಮ್ಯಾಲ ಕೆಲಸ ಬಿಟ್ಟುಬಿಡ್ತೇನ್ರಿ. ಕಾಲು ತಡಿಯಂಗಿಲ್ಲ, ಕೆಲಸಾನೂ ಮುಗಿಯಂಗಿಲ್ಲ," ಎಂದಳು.

"ಕುಂತು ಮಾಡೋ ಕೆಲಸಕ್ಕ ಕಾಲ್ಯಾಕ ನೋಯ್ತಾವಬೇ?" ಎಂದು ಕೇಳಿದೆ. ಅವಳು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ನನ್ನ ಮಗ ಅನೀಲಕುಮಾರನಿಗೆ ಮೊಬೈಲು ಹೇಳಿದ್ದೇ ವೇದ. ಆಫೀಸು ಹೇಗಿರಬೇಕೆಂದು ಅದರಲ್ಲಿ ನೋಡಿ ಹೆಂಡತಿಗಾಗಿ ಕಲಬುರಗಿಯಿಂದ ತಿರುಗುವ ಮೆತ್ತನೆಯ ಕುರ್ಚಿ ತಂದ. ಗೋಡೆಗೆ ತಿಳಿಹಸಿರು ಬಣ್ಣ ಬಳಿಸಿದ, ಕಿಟಕಿಯಲ್ಲಿ ಹೂಕುಂಡ ಇಟ್ಟ, ಬೆಳಕು ಎಡಗಡೆಯಿಂದ ಬೀಳಲಿ ಎಂದು ಟೇಬಲ್ಲು ತಿರುಗಿಸಿದ. ಕುಂಡದ ಗಿಡ ಚೆನ್ನಾಗಿ ಚಿಗುರಿತು. ಸೊಸೆಯ ಕಾಲುನೋವು ಇದ್ದಲ್ಲೇ ಇತ್ತು.

ಇನ್ನು ಮಗ-ಸೊಸೆಯನ್ನು ನಂಬಿದರೆ ಆಗದು ಎಂದು ಒಂದು ಮುಂಜಾನೆ ನಾನೇ ಬುತ್ತಿ ಕಟ್ಟಿಕೊಂಡು ಹೋಗಿ ಆಫೀಸಿನ ಮೂಲೆಯಲ್ಲಿ ಕೂತೆ. ವಿದ್ಯಾವತಿ ಕಂಪ್ಯೂಟರ್ ಹಚ್ಚಿದ್ದಳಷ್ಟೆ, ಬಾಗಿಲಲ್ಲಿ ಮುದುಕ ಶಂಕರಲಿಂಗ ಕಾಣಿಸಿಕೊಂಡ. ಇವಳು ಸೆರಗು ಹೊದ್ದು ಎದ್ದು ನಿಂತಳು. ಅವನು ಹೋದ, ಕೂತಳು. ಇನ್ನೊಬ್ಬ ಹಿರಿಯ ಬಂದ, ಮತ್ತೆ ಎದ್ದಳು. ಅವರಾದರೂ ಬಂದು ಹೋಗುವವರು. ಬಿಸಿಲೇರಿದ ಮೇಲೆ ಪೇಪರ್ ಹಿಡಿದು ಬಂದವರು ನಮ್ಮ ಮನೆಯವರು. ಫ್ಯಾನಿನ ಕೆಳಗೆ ಬೆಂಚಿನ ಮೇಲೆ ಆರಾಮಾಗಿ ಕೂತು ಊಟದ ಹೊತ್ತಿನವರೆಗೂ ಓದಿದರು. ಅಷ್ಟೂ ಹೊತ್ತು ಸೊಸೆ ನಿಂತೇ ಇದ್ದಳು, ಬಗ್ಗಿ ಬಗ್ಗಿ ಟೈಪ್ ಮಾಡುತ್ತಿದ್ದಳು. ಮೆತ್ತನೆಯ ಕುರ್ಚಿ ಖಾಲಿ ಇತ್ತು.

ಮಾವನೆದುರು ಕುರ್ಚಿಯಲ್ಲಿ ಕೂತ ಸೊಸೆ ನಮ್ಮ ಮನೆತನದಲ್ಲಿ ಇಲ್ಲ. ನಾನೂ ಕೂತವಳಲ್ಲ. ತಮಗಾಗಿಯೇ ಸೊಸೆ ನಿಂತಿರುತ್ತಾಳೆಂಬುದು ನಮ್ಮ ಮನೆಯವರ ತಲೆಗೇ ಹೋಗಿರಲಿಲ್ಲ. ಬಂದವರಿಗೆಲ್ಲ "ಮ್ಯಾನೇಜರ್ ನಮ್ಮ ಸೊಸಿನ ನೋಡ್ರಿ" ಎಂದು ಹೇಳುವುದರಲ್ಲೇ ಅವರ ಹೊಟ್ಟೆ ತುಂಬುತ್ತಿತ್ತು. ಬರಬೇಡಿ ಎಂದು ಅವರ ಮುಖ ಬಾಡಿಸಲು ನನಗೆ ಮನಸ್ಸಾಗಲಿಲ್ಲ. ಅವರು ಅತ್ತ ಹೋದಾಗ ಸೊಸೆಗೇ, "ನೀ ಸುಮ್ನ ಕುಂದ್ರಬೇ," ಎಂದೆ.

"ನನ್ ಕೈಲೆ ಆಗಂಗಿಲ್ರಿ. ಮಾವಾರು ಬಂದ್ರ ಕಾಲು ತಾವೇ ಏಳ್ತಾವ," ಎಂದಳು.

ಆ ಕಾಲಿಗೆ ಗುಳಿಗೆ ತರೋಣವೆಂದು ಮಧ್ಯಾಹ್ನದ ಬಸ್ಸಿಗೆ ಜೇವರ್ಗಿಗೆ ಹೋದೆ. ಔಷಧಿ ಅಂಗಡಿಯವನು ಎಂದಿನಂತೆ ಕೌಂಟರಿನ ಹಿಂದೆ ನಿಂತಿದ್ದ. "ದಿನಾ ನಿಂತೇ ಇರ್ತಿಯಲ್ಲಪ್ಪ, ನಿನ್ನ ಕಾಲು ನೋಯಂಗಿಲ್ಲೇನು?" ಎಂದೆ.

"ನಾ ಎಲ್ಲಿ ನಿಂತೇನ್ರಿ ಯವ್ವಾ, ಎತ್ತರ ಸ್ಟೂಲಿನ ಮ್ಯಾಲ ಕುಂತೇನಿ," ಎಂದು ಅವನು ನಕ್ಕ.

ಗುಳಿಗೆ ಅಲ್ಲೇ ಬಿಟ್ಟು ನೆಟ್ಟಗೆ ಬಡಿಗ ಗೌಸಮೊಹಿದ್ದೀನನ ಅಂಗಡಿಗೆ ನಡೆದೆ. "ಎತ್ತರ ಟೇಬಲ್ಲು, ಅದಕ್ಕ ತಕ್ಕ ಸ್ಟೂಲು ಮಾಡಿಕೊಡು. ಟೇಬಲ್ಲಿಗಿ ಮುಂದ ನೆಲದ ಮಟ ಹಲಗಿ ಹೊಡಿ. ಕುಂತಾಳೋ ನಿಂತಾಳೋ ಯಾರಿಗೂ ತಿಳಿಬಾರದು," ಎಂದೆ.

"ಯಾರಿಗಿ ಮೋಸ ಮಾಡಾಕತ್ತೀರಿ ಅಕ್ಕಾರ?"

"ನಮ್ಮ ಮನಿಯವರಿಗೆ."

"ಶಾಂತಲಿಂಗಪ್ಪ ಸಾಹುಕಾರರಿಗಾ? ಹಂಗಾದ್ರ ಪಾಲಿಶ್ ನನ್ನ ಕಡಿಂದ ಮುಫತ್," ಎಂದು ಅಳತೆಪಟ್ಟಿ ಕೈಗೆತ್ತಿಕೊಂಡ.

ಟೇಬಲ್ಲು ಬಂದ ದಿನ ನನಗೆ ಹಬ್ಬ. ಬಂದ ಹಿರಿಯರೆಲ್ಲ ಇವಳು ನಿಂತಿದ್ದಾಳೆಂದೇ ತಿಳಿದು ಹೋದರು. ನಮ್ಮ ಮನೆಯವರಂತೂ, ಹೊಸ ಟೇಬಲ್ಲಿನ ಮೇಲೆ ಕಣ್ಣು ಬಿದ್ದದ್ದಕ್ಕೋ ಏನೋ, "ಎಷ್ಟೊತ್ತು ನಿಂದರ್ತಿ ಯವ್ವಾ, ಕುಂದ್ರು," ಎಂದು ತಾವೇ ಹೇಳಿದರು. "ಇರ್ಲಿ ಬಿಡ್ರಿ ಮಾವಾರ," ಎಂದು ಸೊಸೆ ಕೂತಲ್ಲಿಂದಲೇ ಹೇಳಿದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಹಾಳಾದ ಫ್ಯಾನಿನ ಗಾಳಿಗೆ ಅವರ ಪೇಪರಿನ ಹಾಳೆ ಹಾರಿ ಟೇಬಲ್ಲಿನ ಪಕ್ಕಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಸ್ಟೂಲಿನಿಂದ ಜೋತಾಡುವ ಸೊಸೆಯ ಕಾಲು ನೋಡಿ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಊಟದ ಹೊತ್ತಿಗೂ ಕಾಯದೆ ಪೇಪರ್ ಮಡಚಿಕೊಂಡು ಮನೆಗೆ ಹೋದರು.

ರಾತ್ರಿ ಊಟಕ್ಕೆ ಕೂತವರು ಒಂದೇ ರೊಟ್ಟಿಗೆ ಎದ್ದರು. ಸೊಸೆಯ ಕೆಲಸಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎಂದು ನನಗೆ ನಿದ್ದೆ ಹತ್ತಲಿಲ್ಲ.

ಮುಂಜಾನೆ ಏಳುವಷ್ಟರಲ್ಲಿ ಅವರು ಮನೆಯಲ್ಲಿರಲಿಲ್ಲ. ನಾನೂ ಸೊಸೆಯೂ ಗಾಬರಿಯಿಂದ ಆಫೀಸಿಗೆ ಹೋದರೆ ಅಲ್ಲಿ ಗರಗಸ, ಸುತ್ತಿಗೆ, ನೆಲದ ತುಂಬ ಮರದ ಹುಡಿ. ಮರೆಗೆಂದು ನಾನು ಹೊಡೆಸಿದ್ದ ಹಲಗೆಯನ್ನು ಕಿತ್ತು, ಕೊಯ್ದು, ಕಾಲಿಡಲೆಂದು ಸ್ಟೂಲಿನ ಕೆಳಗೆ ಬಡಿದಿದ್ದರು.

"ಕಾಲು ಜೋತಾಡಿದ್ರ ಬಾವು ಬರ್ತದವ್ವ. ಇದರ ಮ್ಯಾಲ ಇಡು," ಎಂದರು. "ಇಷ್ಟು ದಿನ ನನಗ್ಯಾಕ ಯಾರೂ ಹೇಳಲಿಲ್ಲ?"

ಅವರು ಬೆಂಚಿಗೆ ಹೋಗಿ ಪೇಪರ್ ಬಿಚ್ಚಿದರು. ವಿದ್ಯಾವತಿ ಹತ್ತಿ ಕೂತು ಪಾದವನ್ನು ಹಲಗೆಯ ಮೇಲಿಟ್ಟಳು. ಕಾಲುಂಗುರದ ಸಮೇತ ಎಲ್ಲ ಕಾಣುತ್ತಿತ್ತು. ನನಗೆ ಕಣ್ಣು ತುಂಬಿ ಬಂತು, ಖುಷಿಗೆ.

ಅಷ್ಟರಲ್ಲಿ ಬಾಗಿಲಿಗೆ ಶಂಕರಲಿಂಗ ಬಂದ. ಸೊಸೆ ಸೆರಗು ಹಿಡಿದು ಇನ್ನೇನು ಇಳಿಯಬೇಕು, ಪೇಪರಿನ ಹಿಂದಿನಿಂದ ಮಾವನ ದನಿ ಬಂತು.

"ಕುಂದ್ರವ್ವ."

ಅವಳು ಕೂತಳು.